“ನಿನ್ನ ಮಾತು ನೀನೇ ಆಡಬಾರದೇ, ಜಾನ್?”: ಪಿಲ್‌ಗ್ರಿಮರ ಪ್ರೇಮಕಥೆ ಹುಟ್ಟಿದ ಬಗೆ

ನವೆಂಬರ್ ಕೊನೆಗೆ ಅಮೆರಿಕದ ನೆಂಟರಿಂದ ವಾಟ್ಸಾಪಿಗೆ ಒಂದು ಫೋಟೊ ಬರುವುದು ಈಗ ನಮ್ಮಲ್ಲಿ ಅನೇಕ ಮನೆಗಳ ಅನುಭವ. ಶಾಲೆಯ ಕಾರ್ಯಕ್ರಮ. ಮೊಮ್ಮಗನ ತಲೆಗೆ ಕಪ್ಪು ಕಾಗದದ ಎತ್ತರದ ಟೋಪಿ, ಅದರ ನಡುವೆ ಹಳದಿ ಬಕಲ್. ಮೊಮ್ಮಗಳಿಗೆ ಬಿಳಿ ಕುಲಾವಿ, ಬಿಳಿ ಏಪ್ರನ್. “ಇದು ಪಿಲ್‌ಗ್ರಿಮ್ ವೇಷ, ಅಜ್ಜಿ” ಎನ್ನುತ್ತದೆ ಮಗು. ಕೃಷ್ಣಾಷ್ಟಮಿಗೆ ನಾವು ಮಕ್ಕಳ ತಲೆಗೆ ನವಿಲುಗರಿ ಸಿಕ್ಕಿಸುವ ಹಾಗೆ ಅಲ್ಲಿಯೂ ಏನೋ ಒಂದು ಕಥೆ ಇರಬೇಕು ಎಂದು ಅಜ್ಜಿಗೆ ಹೊಳೆಯುತ್ತದೆ. ಯಾವ ಕಥೆ ಎಂಬುದು ಗೊತ್ತಾಗುವುದಿಲ್ಲ.

ಆ ವೇಷದ ಹಿಂದೆ ಒಂದಲ್ಲ, ಹಲವು ಕಥೆಗಳಿವೆ. ಅವುಗಳಲ್ಲಿ ಅತಿ ಹೆಚ್ಚು ಜನ ಓದಿದ್ದು ಒಂದು ಪ್ರೇಮಕಥೆ. ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೊ ಎಂಬ ಅಮೆರಿಕನ್ ಕವಿ 1858ರಲ್ಲಿ ಪ್ರಕಟಿಸಿದ ‘ದ ಕೋರ್ಟ್‌ಶಿಪ್ ಆಫ್ ಮೈಲ್ಸ್ ಸ್ಟ್ಯಾಂಡಿಷ್’ ಎಂಬ ಕಥನಕವನ ಅದು. ಮೈಲ್ಸ್ ಸ್ಟ್ಯಾಂಡಿಷ್ ಎಂಬ ಸೇನಾಧಿಕಾರಿಯ ಹೆಣ್ಣು ಕೇಳುವ ಪ್ರಸಂಗ ಎಂದು ಹೆಸರಿನ ಅರ್ಥ. ಇದರ ಹಳೆಯ ಸಚಿತ್ರ ಆವೃತ್ತಿಗಳ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಮೊಬೈಲಿನಲ್ಲೇ ಪುಕ್ಕಟೆ ಓದಬಹುದು. ಓದಹೊರಟರೆ ಮೊದಲಿಗೆ ಗೊಂದಲವಾಗುತ್ತದೆ. ಇವರು ನಿಜವಾಗಿ ಬದುಕಿದ್ದವರೇ? ಈ ಮಾತು ಯಾರಾದರೂ ಆಡಿದ್ದರೇ? ಚಿತ್ರದಲ್ಲಿರುವ ಹುಡುಗಿ ಯಾರು? ಬುಡದಿಂದಲೇ ಬರೋಣ.

## ಪಿಲ್‌ಗ್ರಿಮ್ ಎಂದರೆ ಯಾರು?

17ನೇ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ಚರ್ಚು ರಾಜನ ಕೈಕೆಳಗಿತ್ತು. ಅದರಲ್ಲಿ ಆಡಂಬರ ಹೆಚ್ಚಾಯಿತು, ಬೈಬಲ್ಲಿನಲ್ಲಿ ಇಲ್ಲದ್ದೆಲ್ಲ ಸೇರಿಕೊಂಡಿದೆ ಎಂದು ಬೇಸತ್ತವರಲ್ಲಿ ಎರಡು ಗುಂಪು. ಒಳಗಿದ್ದೇ ಶುದ್ಧಿ ಮಾಡುತ್ತೇವೆ ಎಂದವರು ಪ್ಯೂರಿಟನ್ನರು. ಇದು ಸರಿಹೋಗುವುದಲ್ಲ, ನಾವೇ ಬೇರೆಯಾಗುತ್ತೇವೆ ಎಂದವರು ಪ್ರತ್ಯೇಕತಾವಾದಿಗಳು. ಎರಡನೆಯದು ಆಗ ಕಾನೂನಿನ ಕಣ್ಣಿನಲ್ಲಿ ಅಪರಾಧ. ಅವರಲ್ಲೊಂದು ಗುಂಪು ಹಾಲೆಂಡಿಗೆ ಓಡಿಹೋಗಿ ಲೈಡನ್ ಪಟ್ಟಣದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿತು. ಅಲ್ಲಿ ಧರ್ಮಕ್ಕೆ ತೊಂದರೆ ಇರಲಿಲ್ಲ. ಆದರೆ ಮೈಮುರಿವ ದುಡಿಮೆ, ಬಡತನ; ಮಕ್ಕಳು ಇಂಗ್ಲಿಷರಾಗಿ ಉಳಿಯದೆ ಡಚ್ಚರೇ ಆಗಿಬಿಡುತ್ತಾರೆಂಬ ಭಯ. ಹೊರನಾಡಿನಲ್ಲಿ ಮಕ್ಕಳ ಕನ್ನಡದ ಬಗ್ಗೆ ಚಿಂತಿಸುವ ತಂದೆತಾಯಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಹೊರಟ ಹಡಗು ಮೇಫ್ಲವರ್. ಆಗಿನ ಇಂಗ್ಲಿಷ್ ಪಂಚಾಂಗದ ಪ್ರಕಾರ 1620ರ ಸೆಪ್ಟೆಂಬರ್ 6ರಂದು ಇಂಗ್ಲೆಂಡಿನ ಪ್ಲಿಮತ್ ಬಂದರನ್ನು ಬಿಟ್ಟಿತು. 102 ಪ್ರಯಾಣಿಕರು. ಎರಡು ತಿಂಗಳು ದಾಟಿದ ಮೇಲೆ ನವೆಂಬರಿನಲ್ಲಿ ಕೇಪ್ ಕಾಡ್ ನೆಲ ಕಂಡಿತು. ಡಿಸೆಂಬರಿನಲ್ಲಿ ಇವತ್ತಿನ ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಯಲ್ಲಿ ವಸಾಹತು ಕಟ್ಟತೊಡಗಿದರು. ಅದರ ಹೆಸರೂ ಪ್ಲಿಮತ್. ಅದು ಖಾಲಿ ನೆಲವಾಗಿರಲಿಲ್ಲ. ಪಟುಕ್ಸೆಟ್ ಎಂಬ ಊರು ಅಲ್ಲಿತ್ತು. 1616ರಿಂದ 1619ರ ನಡುವೆ ಹೊರಗಿನಿಂದ ಬಂದ ಸಾಂಕ್ರಾಮಿಕ ರೋಗ ಆ ಕರಾವಳಿಯ ಮೂಲನಿವಾಸಿಗಳನ್ನು ಊರೂರೇ ಬರಿದಾಗುವಂತೆ ಬಡಿದಿತ್ತು. ಹೊಸಬರು ಮನೆ ಕಟ್ಟಿದ್ದು ಹಾಗೆ ಬರಿದಾದ ಊರಿನ ಗದ್ದೆಗಳ ಮೇಲೆ.

‘ಪಿಲ್‌ಗ್ರಿಮ್’ ಎಂದರೆ ಯಾತ್ರಿಕ. ಮುಂದೆ ಗವರ್ನರ್ ಆದ ವಿಲಿಯಂ ಬ್ರ್ಯಾಡ್‌ಫರ್ಡ್ ಲೈಡನ್ ಬಿಟ್ಟ ದಿನವನ್ನು ನೆನೆಯುತ್ತ, ತಾವು ಈ ಲೋಕದಲ್ಲಿ ಯಾತ್ರಿಕರು ಮಾತ್ರ ಎಂಬ ಅರ್ಥದಲ್ಲಿ ಆ ಪದ ಬಳಸಿದ. ಇಡೀ ಗುಂಪಿಗೆ ಅದು ಹೆಸರಾಗಿ ನಿಂತದ್ದು ಬಹಳ ಕಾಲದ ಮೇಲೆ. ಹಡಗಿನಲ್ಲಿದ್ದವರೆಲ್ಲ ಧರ್ಮಕ್ಕಾಗಿ ಹೊರಟವರೂ ಅಲ್ಲ. ಸುಮಾರು ಅರ್ಧದಷ್ಟು ಜನ ಕೆಲಸ, ವ್ಯಾಪಾರ, ಜಮೀನು ಅರಸಿ ಬಂದವರು. ನಮ್ಮ ಪ್ರೇಮಕಥೆಯ ಮೂವರು ಮುಖ್ಯ ಪಾತ್ರಗಳೂ ಲೈಡನ್ನಿನ ಭಕ್ತಮಂಡಳಿಗೆ ಸೇರಿದವರಲ್ಲ ಎಂಬುದನ್ನು ಇಲ್ಲೇ ಗುರುತಿಸಿಕೊಳ್ಳಬೇಕು. ಮೈಲ್ಸ್ ಸ್ಟ್ಯಾಂಡಿಷ್ ರಕ್ಷಣೆಯ ಹೊಣೆಗೆ ಗೊತ್ತು ಮಾಡಿಕೊಂಡ ಸೈನಿಕ. ಅವನು ಆ ಸಭೆಯ ಸದಸ್ಯನಾಗಿದ್ದನೆಂಬುದಕ್ಕೆ ದಾಖಲೆಯಿಲ್ಲ. ಜಾನ್ ಆಲ್ಡನ್ ಸೌತಾಂಪ್ಟನ್ ಬಂದರಿನಲ್ಲಿ ಕೂಲಿಗೆ ಸೇರಿದ ಪೀಪಾಯಿ ಮಾಡುವವನು. ನೀರು, ಬಿಯರು, ಉಪ್ಪು ಹಾಕಿದ ಮಾಂಸ ಎಲ್ಲವೂ ಪೀಪಾಯಿಯಲ್ಲೇ ಇರುತ್ತಿದ್ದ ಕಾಲದಲ್ಲಿ ಅದು ಜೀವ ಉಳಿಸುವ ಕಸುಬು. ಪ್ರಿಸಿಲ್ಲಾ ಮಲಿನ್ಸ್, ಡಾರ್ಕಿಂಗ್ ಊರಿನ ಚಪ್ಪಲಿ–ಬೂಟಿನ ವ್ಯಾಪಾರಿಯ ಮಗಳು.

## ಮೊದಲ ಚಳಿಗಾಲ

ಡಿಸೆಂಬರಿನಲ್ಲಿ ಇಳಿದದ್ದೇ ದೊಡ್ಡ ಅನಾಹುತ. ಮನೆಯಿಲ್ಲ, ಹಿಮ ಬೀಳುತ್ತಿದೆ, ತಿಂಗಳುಗಟ್ಟಲೆ ಹಡಗಿನ ಆಹಾರ ತಿಂದು ಮೈ ಸೊರಗಿದೆ. ವಸಂತ ಬರುವಷ್ಟರಲ್ಲಿ 102 ಜನರಲ್ಲಿ ಸುಮಾರು ಅರ್ಧ ಜನ ಸತ್ತಿದ್ದರು. ಸ್ಟ್ಯಾಂಡಿಷನ ಹೆಂಡತಿ ರೋಸ್ 1621ರ ಜನವರಿಯಲ್ಲಿ ತೀರಿಕೊಂಡಳು. ಪ್ರಿಸಿಲ್ಲಾಳ ತಂದೆ ವಿಲಿಯಂ, ತಾಯಿ ಆಲಿಸ್, ತಮ್ಮ ಜೋಸೆಫ್, ಮನೆಯ ಆಳು ರಾಬರ್ಟ್ ನಾಲ್ವರೂ ಹೋದರು. ಐವರು ಬಂದಿದ್ದ ಮನೆಯಲ್ಲಿ ಉಳಿದದ್ದು ಅವಳೊಬ್ಬಳು. ಹೆಂಗಸರಿಗೆ ಬಿದ್ದ ಪೆಟ್ಟು ಇನ್ನೂ ದೊಡ್ಡದು. ಹಡಗಿನಲ್ಲಿ ಬಂದ ಮದುವೆಯಾದ ಹೆಂಗಸರಲ್ಲಿ ಮುಂದಿನ ಸುಗ್ಗಿಗೆ ಬದುಕಿದ್ದವರು ನಾಲ್ವರೇ.

ಬ್ರ್ಯಾಡ್‌ಫರ್ಡ್ ಬರೆದಿಟ್ಟ ಒಂದು ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ರೋಗ ಜೋರಾಗಿದ್ದಾಗ ಓಡಾಡುವ ಶಕ್ತಿ ಇದ್ದವರು ಆರೇಳು ಜನ ಮಾತ್ರ. ಅವರು ಹಗಲು ರಾತ್ರಿ ಸೌದೆ ತಂದು ಒಲೆ ಹಚ್ಚಿದರು, ಅಡುಗೆ ಮಾಡಿದರು, ಹಾಸಿಗೆ ಹಾಸಿದರು, ರೋಗಿಗಳ ಹೊಲಸಾದ ಬಟ್ಟೆ ಒಗೆದರು, ಅವರಿಗೆ ಬಟ್ಟೆ ತೊಡಿಸಿದರು. ಆ ಆರೇಳು ಜನರಲ್ಲಿ ಇಬ್ಬರ ಹೆಸರನ್ನು ಅವನು ಹೇಳುತ್ತಾನೆ. ಒಬ್ಬ ಭಕ್ತಮಂಡಳಿಯ ಹಿರಿಯ ವಿಲಿಯಂ ಬ್ರೂಸ್ಟರ್. ಇನ್ನೊಬ್ಬ ಸೇನಾಧಿಕಾರಿ ಮೈಲ್ಸ್ ಸ್ಟ್ಯಾಂಡಿಷ್. ಹೆಂಡತಿಯನ್ನು ಕಳೆದುಕೊಂಡ ಅದೇ ಚಳಿಗಾಲದಲ್ಲಿ ಕತ್ತಿ ಹಿಡಿಯುವ ಮನುಷ್ಯ ಪಕ್ಕದವರ ಹಾಸಿಗೆ ಒಗೆಯುತ್ತಿದ್ದ. ಈ ಲೇಖನದಲ್ಲಿ ಮುಂದೆ ‘ಧೈರ್ಯ’ ಎಂಬ ಪದ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

1621ರ ಏಪ್ರಿಲಿನಲ್ಲಿ ಮೇಫ್ಲವರ್ ಇಂಗ್ಲೆಂಡಿಗೆ ಮರಳಿತು. ಬದುಕುಳಿದ ಪ್ರಯಾಣಿಕರಲ್ಲಿ ಒಬ್ಬರೂ ವಾಪಸ್ ಹತ್ತಲಿಲ್ಲ.

## ಕವಿತೆ ಹೇಳುವ ಕಥೆ

ಲಾಂಗ್‌ಫೆಲೊನ ಕವಿತೆ ಈ ವಸಂತದಲ್ಲೇ ಶುರುವಾಗುತ್ತದೆ. ಒಟ್ಟು ಒಂಬತ್ತು ಭಾಗ. ಹೆಂಡತಿ ಸತ್ತ ಸ್ಟ್ಯಾಂಡಿಷ್ ತನ್ನ ಜೊತೆ ವಾಸವಿರುವ ಯುವಕ ಆಲ್ಡನ್‌ಗೆ ಯುದ್ಧದ ಕಥೆ ಹೇಳುತ್ತಾನೆ, ಸೀಸರನನ್ನು ಹೊಗಳುತ್ತಾನೆ. ಕೆಲಸ ಚೆನ್ನಾಗಿ ಆಗಬೇಕಾದರೆ ನಾವೇ ಮಾಡಬೇಕು, ಇನ್ನೊಬ್ಬರಿಗೆ ಬಿಡಬಾರದು ಎಂಬುದು ಅವನ ಬಾಯಿಪಾಠ. ಅಷ್ಟು ಹೇಳಿದವನೇ ಸ್ವಲ್ಪ ಹೊತ್ತಿಗೆ, ಪ್ರಿಸಿಲ್ಲಾಳನ್ನು ಮದುವೆಯಾಗಬೇಕೆಂದಿದ್ದೇನೆ, ನನಗೆ ನಯವಾದ ಮಾತು ಬಾರದು, ನೀನು ಓದಿದವನು, ನನ್ನ ಪರವಾಗಿ ಹೋಗಿ ಕೇಳು ಎಂದು ಆಲ್ಡನ್‌ನನ್ನು ಕಳಿಸುತ್ತಾನೆ. ಆಲ್ಡನ್ ಮನಸ್ಸಿನಲ್ಲೂ ಪ್ರಿಸಿಲ್ಲಾಳೇ ಇದ್ದಾಳೆ. ಬಾಯಿಬಿಟ್ಟು ಹೇಳಲಾರ. ಸ್ನೇಹದ ಋಣ ದೊಡ್ಡದೆಂದು ಹೊರಡುತ್ತಾನೆ.

ಕನ್ನಡದ ಓದುಗರಿಗೆ ಈ ಗಂಟು ಹೊಸದಲ್ಲ. ಇಂದ್ರ, ಅಗ್ನಿ, ಯಮ, ವರುಣರ ಪರವಾಗಿ ದಮಯಂತಿಯ ಬಳಿಗೆ ದೂತನಾಗಿ ಹೋದ ನಳನೂ ಇದೇ ಇಕ್ಕಟ್ಟಿನಲ್ಲಿದ್ದ. ತಾನು ಬಯಸಿದವಳ ಮುಂದೆ ನಿಂತು ಇನ್ನೊಬ್ಬರ ಗುಣಗಾನ ಮಾಡಬೇಕು. ಕನಕದಾಸರ ನಳಚರಿತ್ರೆ ಓದಿದವರಿಗೆ ಆಲ್ಡನ್‌ನ ಮುಖಭಾವ ಕಣ್ಣಿಗೆ ಕಟ್ಟುತ್ತದೆ. ದಮಯಂತಿ ದೇವತೆಗಳನ್ನು ಬಿಟ್ಟು ದೂತನನ್ನೇ ಆರಿಸಿಕೊಂಡಳು. ಪ್ರಿಸಿಲ್ಲಾಳೂ ಹಾಗೇ.

ಆದರೆ ಪ್ರಿಸಿಲ್ಲಾ ಸುಮ್ಮನೆ ಆರಿಸಿಕೊಳ್ಳುವುದಿಲ್ಲ, ವಾದ ಮಾಡುತ್ತಾಳೆ. ಸೇನಾಧಿಕಾರಿಗೆ ನನ್ನ ಮೇಲೆ ಅಷ್ಟು ಆಸೆಯಿದ್ದರೆ ತಾನೇ ಏಕೆ ಬರಲಿಲ್ಲ ಎನ್ನುತ್ತಾಳೆ. ಅವರಿಗೆ ಇಂಥದ್ದಕ್ಕೆ ಸಮಯವಿಲ್ಲ ಎಂದು ಆಲ್ಡನ್ ತಡವರಿಸುತ್ತಾನೆ. ಮದುವೆಗೆ ಮೊದಲೇ ಸಮಯವಿಲ್ಲದವನಿಗೆ ಮದುವೆಯಾದ ಮೇಲೆ ಸಿಗುತ್ತದೆಯೇ ಎಂದು ಅವಳು ಮರುಪ್ರಶ್ನೆ ಹಾಕುತ್ತಾಳೆ. ಆಲ್ಡನ್ ಬಿಡದೆ ಸ್ಟ್ಯಾಂಡಿಷನ ಮನೆತನ, ಶೌರ್ಯ, ಒರಟಾದರೂ ಒಳ್ಳೆಯ ಮನಸ್ಸು, ಎಲ್ಲವನ್ನೂ ವರ್ಣಿಸುತ್ತ ಹೋಗುತ್ತಾನೆ. ಆಗ ಪ್ರಿಸಿಲ್ಲಾ ನಗುತ್ತ ಹೇಳುವ ಮಾತೇ ಅಮೆರಿಕದಲ್ಲಿ ಗಾದೆಯಂತಾದದ್ದು: ನಿನ್ನ ಮಾತು ನೀನೇ ಆಡಬಾರದೇ, ಜಾನ್?

ಮುಂದಿನದು ಬೇಗ ಹೇಳಬಹುದು. ಸ್ಟ್ಯಾಂಡಿಷ್ ಸಿಟ್ಟಿಗೆದ್ದು ಸ್ನೇಹ ಮುರಿದು ಯುದ್ಧಕ್ಕೆ ಹೋಗುತ್ತಾನೆ. ಆಲ್ಡನ್ ಅಪರಾಧಭಾವದಿಂದ ಮೇಫ್ಲವರ್ ಹತ್ತಿ ಹೋಗಿಬಿಡಲು ದಡಕ್ಕೆ ಬಂದವನು ಅಲ್ಲಿ ಪ್ರಿಸಿಲ್ಲಾಳ ಬಾಡಿದ ಮುಖ ಕಂಡು ನಿಂತುಬಿಡುತ್ತಾನೆ. ಸ್ಟ್ಯಾಂಡಿಷ್ ಸತ್ತನೆಂಬ ಸುದ್ದಿ ಬರುತ್ತದೆ. ಮದುವೆ ನಿಶ್ಚಯವಾಗುತ್ತದೆ. ಮದುವೆಯ ದಿನ ಸತ್ತವನೇ ಬಾಗಿಲಲ್ಲಿ ಪ್ರತ್ಯಕ್ಷನಾಗಿ ಇಬ್ಬರ ಕ್ಷಮೆ ಕೇಳುತ್ತಾನೆ.

ನನಗೆ ಈ ಕವಿತೆಯಲ್ಲಿ ಅತ್ಯಂತ ಗಟ್ಟಿಯೆನಿಸುವುದು ಆರನೆಯ ಭಾಗ. ಯಾರಾದರೂ ಕೇಳುವವರೆಗೆ ಹೆಣ್ಣು ಮೌನವಾಗಿ ಕಾಯಬೇಕೆಂಬ ಕಟ್ಟಳೆ ಇದೆಯಲ್ಲ, ಅದರಿಂದಲೇ ಎಷ್ಟೋ ಹೆಂಗಸರ ಒಳಬಾಳು ಬಿಸಿಲು ಕಾಣದೆ ನೆಲದಡಿ ಹರಿವ ನದಿಯಂತಾಗಿದೆ ಎಂಬರ್ಥದ ಮಾತನ್ನು ಪ್ರಿಸಿಲ್ಲಾ ಅಲ್ಲಿ ಆಡುತ್ತಾಳೆ. ಗುಪ್ತಗಾಮಿನಿ ಎಂದು ನಾವು ಸರಸ್ವತಿ ನದಿಗೆ ಹೇಳುವ ಪದ ಇದಕ್ಕೆ ಸರಿಯಾಗಿ ಹೊಂದುತ್ತದೆ. 1858ರಲ್ಲಿ ಅಮೆರಿಕದ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಇರಲಿಲ್ಲ ಎಂಬುದನ್ನು ಜೊತೆಗಿಟ್ಟು ಓದಿದರೆ, ನಗುತ್ತ ಆಡಿದ ಆ ಹಿಂದಿನ ಮಾತಿನಲ್ಲೂ ಎಷ್ಟು ಧೈರ್ಯವಿತ್ತೆಂದು ತಿಳಿಯುತ್ತದೆ.

## ಆ ಮಾತನ್ನು ಪ್ರಿಸಿಲ್ಲಾ ನಿಜವಾಗಿ ಆಡಿದ್ದಳೇ?

ಆಡಿದ್ದಳು ಎನ್ನಲು ಆ ಕಾಲದ ಯಾವ ಕಾಗದವೂ ಇಲ್ಲ. ಆಲ್ಡನ್ ಬಗ್ಗೆ ಬ್ರ್ಯಾಡ್‌ಫರ್ಡ್ ಬರೆದಿರುವುದು ಬಹಳ ಚಿಕ್ಕದು: ಭರವಸೆ ಹುಟ್ಟಿಸುವ ತರುಣ, ಅವನು ಉಳಿಯಲಿ ಎಂದು ಎಲ್ಲರಿಗೂ ಆಸೆ, ಇರುವುದೋ ಹೋಗುವುದೋ ಅವನಿಷ್ಟಕ್ಕೆ ಬಿಟ್ಟಿತ್ತು, ಅವನು ಉಳಿದ, ಇಲ್ಲೇ ಮದುವೆಯಾದ. ದಾಖಲೆಯಲ್ಲಿರುವ ಪ್ರೇಮಕಥೆ ಇಷ್ಟೇ. ಮದುವೆಯ ತಾರೀಕು ಕೂಡ ಸಿಕ್ಕಿಲ್ಲ. 1622 ಅಥವಾ 1623 ಇರಬೇಕೆಂದು ಅಂದಾಜು.

ದೂತನಾಗಿ ಹೋದ ಕಥೆ ಮೊದಲು ಅಚ್ಚಾದದ್ದು 1814ರಲ್ಲಿ, ಅಂದರೆ ಸುಮಾರು 190 ವರ್ಷಗಳ ನಂತರ. ಅಮೆರಿಕದ ಸಮಾಧಿ ಬರಹಗಳನ್ನು ಸಂಗ್ರಹಿಸಿದ ಟಿಮತಿ ಆಲ್ಡನ್ ಎಂಬ ಪಾದ್ರಿ ಅದನ್ನು ತನ್ನ ಪುಸ್ತಕದಲ್ಲಿ ಸೇರಿಸಿದ. ಹೆಸರೇ ಹೇಳುವಂತೆ ಅವನು ಅದೇ ವಂಶದವನು. ಅಜ್ಜಿಯಿಂದ ಮೊಮ್ಮಕ್ಕಳಿಗೆ ಹರಿದುಬಂದ ಮನೆಕಥೆ ಅದು. ನಮ್ಮಲ್ಲಿ ‘ನಮ್ಮ ಮುತ್ತಜ್ಜ ಹುಲಿಯನ್ನು ಬರಿಗೈಲಿ ಓಡಿಸಿದ್ದನಂತೆ’ ಎಂಬ ಕಥೆಗಳಿರುತ್ತವಲ್ಲ, ಹಾಗೆ. ಸುಳ್ಳೆಂದು ತಳ್ಳುವಂತಿಲ್ಲ, ಸಾಕ್ಷಿಯೆಂದು ಹಿಡಿಯುವಂತೆಯೂ ಇಲ್ಲ.

ಲಾಂಗ್‌ಫೆಲೊಗೂ ಇದು ಮನೆಕಥೆಯೇ. ತಾಯಿ ಜಿಲ್ಪಾ ವಾಡ್ಸ್‌ವರ್ತ್ ಕಡೆಯಿಂದ ಅವನೂ ಜಾನ್–ಪ್ರಿಸಿಲ್ಲಾರ ಸಂತತಿ. ಜೊತೆಗೆ ಇನ್ನೊಂದು ಸಂಗತಿ ಕೂಡಿಬಂತು. ವಸಾಹತಿನ ಇತಿಹಾಸ ಹೇಳುವ, ಬಹಳ ವರ್ಷಗಳಿಂದ ಕಾಣೆಯಾಗಿದ್ದ ಬ್ರ್ಯಾಡ್‌ಫರ್ಡನ ಹಸ್ತಪ್ರತಿ 1855ರಲ್ಲಿ ಲಂಡನ್ನಿನ ಬಿಷಪ್ಪರ ಗ್ರಂಥಾಲಯದಲ್ಲಿ ಇರುವುದು ಪತ್ತೆಯಾಗಿ, 1856ರಲ್ಲಿ ಪೂರ್ತಿಯಾಗಿ ಅಚ್ಚಾಯಿತು. ಪಿಲ್‌ಗ್ರಿಮರ ವಿಷಯ ಎಲ್ಲರ ಬಾಯಲ್ಲಿದ್ದ ಹೊತ್ತಿಗೆ ಕವಿತೆ ಬಂತು. ಎರಡು ತಿಂಗಳಲ್ಲಿ 25,000 ಪ್ರತಿ ಖರ್ಚಾದವು. ತನ್ನ ಎರಡನೆಯ ಹೆಂಡತಿ ಫ್ಯಾನಿ ಆಪಲ್‌ಟನ್ ಒಪ್ಪುವುದಕ್ಕೆ ಏಳು ವರ್ಷ ಕಾದಿದ್ದ ಕವಿಗೆ ಹೇಳಲಾಗದೆ ಒದ್ದಾಡುವ ಆಲ್ಡನ್‌ನ ಮನಸ್ಸು ಹೊರಗಿನದಾಗಿರಲಿಲ್ಲ.

## ಲಯದ ಬಗ್ಗೆ ಒಂದು ಮಾತು

ಈ ಕವಿತೆಯನ್ನು ಗಟ್ಟಿಯಾಗಿ ಓದಿದರೆ ಸಾಲುಗಳು ಉದ್ದ, ಪ್ರಾಸವಿಲ್ಲ, ಆದರೂ ಕುದುರೆ ಓಟದಂತೆ ಒಂದು ನಡೆ ಇದೆ. ಗ್ರೀಕ್ ಮತ್ತು ಲ್ಯಾಟಿನ್ ಮಹಾಕಾವ್ಯಗಳ ಹೆಕ್ಸಾಮೀಟರ್ ಛಂದಸ್ಸನ್ನು ಲಾಂಗ್‌ಫೆಲೊ ಇಂಗ್ಲಿಷಿಗೆ ಒಗ್ಗಿಸಿಕೊಂಡದ್ದು ಇದಕ್ಕೆ ಕಾರಣ. ಹೈಸ್ಕೂಲಿನಲ್ಲಿ ‘ಗುರುಲಘು ಮೂರಿರೆ ಮ-ನ-ಗಣ’ ಎಂದು ಉರುಹೊಡೆದವರಿಗೆ ಇದನ್ನು ತಿಳಿಯುವುದು ಸುಲಭ. ಗುರು–ಲಘು–ಲಘು ಬಂದರೆ ಭ-ಗಣ, ನಾಲ್ಕು ಮಾತ್ರೆ. ಎರಡು ಗುರು ಬಂದರೂ ನಾಲ್ಕೇ ಮಾತ್ರೆ. ಹಳೆಯ ಹೆಕ್ಸಾಮೀಟರಿನ ಒಂದು ಸಾಲಿನಲ್ಲಿ ಇಂಥ ಆರು ಗಣಗಳು. ಮಂದಾನಿಲ ರಗಳೆಯ ಸಾಲಿಗೆ ಇನ್ನೆರಡು ಗಣ ಸೇರಿಸಿದರೆ ಹೆಚ್ಚುಕಡಿಮೆ ಅದರ ಉದ್ದ ಸಿಗುತ್ತದೆ. ಇಂಗ್ಲಿಷಿನಲ್ಲಿ ಮಾತ್ರೆಯ ಲೆಕ್ಕವಿಲ್ಲ, ಒತ್ತಿ ಹೇಳುವ ಅಕ್ಷರದ ಲೆಕ್ಕ. ಹಾಗಾಗಿ ಗುರುವಿದ್ದ ಕಡೆ ಒತ್ತು ಬರುತ್ತದೆ. ಟ್ರಾಯ್ ಯುದ್ಧಕ್ಕೆ ಬಳಸಿದ ಲಯವನ್ನು ಪೀಪಾಯಿ ಮಾಡುವವನ ಪ್ರೇಮಕ್ಕೆ ಬಳಸಿದಾಗ ಸಣ್ಣ ಊರಿನ ಸಣ್ಣ ಸಂಗತಿಗೆ ಮಹಾಕಾವ್ಯದ ಗತ್ತು ತಾನಾಗಿ ಬಂತು.

## ಕತ್ತಿಯ ಧೈರ್ಯ, ಮತ್ತು ಬಾಗಿಲು ಹಾಕಿದ ಕೋಣೆ

ಕವಿತೆಯ ಏಳನೆಯ ಭಾಗದಲ್ಲಿ ಸ್ಟ್ಯಾಂಡಿಷ್ ಮೂಲನಿವಾಸಿಗಳ ಬಿಡಾರಕ್ಕೆ ಹೋಗುತ್ತಾನೆ. ಪೆಕ್ಸುಅಟ್ ಮತ್ತು ವಿಟುವಾಮಟ್ ಎಂಬ ಇಬ್ಬರು ಎದುರಾಗಿ ಅವನ ಗಿಡ್ಡ ಮೈಯನ್ನು ಹಂಗಿಸುತ್ತಾರೆ, ಚಾಕು ಝಳಪಿಸುತ್ತಾರೆ. ಹಿಡಿಯ ಮೇಲೆ ಹೆಣ್ಣಿನ ಮುಖ ಕೆತ್ತಿದ ಚಾಕು ಇದು, ಗಂಡಿನ ಮುಖದ ಇನ್ನೊಂದು ಮನೆಯಲ್ಲಿದೆ, ಎರಡಕ್ಕೂ ಮದುವೆ ಮಾಡಿಸುತ್ತೇವೆ ಎಂಬ ಮಾತು ಬರುತ್ತದೆ. ಸ್ಟ್ಯಾಂಡಿಷ್ ಹುಲಿಯಂತೆ ಹಾರಿ ಪೆಕ್ಸುಅಟ್ಟನದ್ದೇ ಚಾಕು ಕಿತ್ತು ಅವನನ್ನು ಕೊಲ್ಲುತ್ತಾನೆ; ವಿಟುವಾಮಟ್ ಗುಂಡೇಟಿಗೆ ಬೀಳುತ್ತಾನೆ. ಬಯಲಿನಲ್ಲಿ ನಡೆದ ವೀರರ ಕಾಳಗದಂತೆ ಓದಿಸಿಕೊಳ್ಳುತ್ತದೆ.

ಚಾಕುವಿನ ಮಾತು ಕವಿಯ ಕಲ್ಪನೆಯಲ್ಲ. ವಸಾಹತಿನ ಮುಖಂಡ ಎಡ್ವರ್ಡ್ ವಿನ್ಸ್‌ಲೊ 1624ರಲ್ಲಿ ಅಚ್ಚು ಹಾಕಿಸಿದ ವರದಿಯಲ್ಲೇ ಅದು ಇದೆ. ಆದರೆ ಅದೇ ವರದಿ ಹೇಳುವ ಘಟನೆ ಬೇರೆ. ಕಾಲ 1623ರ ಮಾರ್ಚ್, ಅಂದರೆ ಮೇಫ್ಲವರ್ ಮರಳಿ ಸುಮಾರು ಎರಡು ವರ್ಷವಾದ ಮೇಲೆ. ಸ್ಥಳ ವೆಸ್ಸಗಸೆಟ್ ಎಂಬ ಇನ್ನೊಂದು ಇಂಗ್ಲಿಷ್ ವಸಾಹತು, ಇವತ್ತಿನ ವೇಮತ್. ಅಲ್ಲಿನ ಹಸಿದ ಇಂಗ್ಲಿಷರು ಮ್ಯಾಸಚೂಸೆಟ್ ಎಂಬ ಮೂಲನಿವಾಸಿ ಜನರ ಮೆಕ್ಕೆಜೋಳ ಕದ್ದು ವೈರ ಕಟ್ಟಿಕೊಂಡಿದ್ದರು. ಆ ಜನ ದಾಳಿಗೆ ಸಜ್ಜಾಗುತ್ತಿದ್ದಾರೆ ಎಂಬ ಸುದ್ದಿ ಪ್ಲಿಮತ್ತಿಗೆ ಬಂತು. ಸ್ಟ್ಯಾಂಡಿಷ್ ಕೆಲವೇ ಜನರನ್ನು ಕರೆದುಕೊಂಡು ಹೋಗಿ, ಪೆಕ್ಸುಅಟ್, ವಿಟುವಾಮಟ್ ಮತ್ತು ಜೊತೆಗಾರರು ಒಂದು ಕೋಣೆಯಲ್ಲಿದ್ದಾಗ ಬಾಗಿಲು ಭದ್ರ ಮಾಡಿಸಿ ಕೊಲ್ಲಿಸಿದ. ಪೆಕ್ಸುಅಟ್‌ನ ಕೊರಳಲ್ಲಿದ್ದ ಚಾಕುವನ್ನೇ ಕಿತ್ತು ತನ್ನ ಕೈಯಾರೆ ಅವನನ್ನು ಇರಿದ. ವಿಟುವಾಮಟ್‌ನ ಹದಿನೆಂಟರ ಹರೆಯದ ತಮ್ಮನನ್ನು ಗಲ್ಲಿಗೇರಿಸಿದರು. ವಿಟುವಾಮಟ್‌ನ ತಲೆಯನ್ನು ಪ್ಲಿಮತ್ ಕೋಟೆಯ ಮೇಲೆ ನೆಟ್ಟರು. ಹೆದರಿದ ಸುತ್ತಲಿನ ಜನ ಊರು ಬಿಟ್ಟು ಜವುಗು ಕಾಡು ಸೇರಿದರು, ಅಲ್ಲಿ ಅನೇಕರು ರೋಗದಿಂದ ಸತ್ತರು.

ಈ ಸುದ್ದಿ ಲೈಡನ್ನಿಗೆ ಮುಟ್ಟಿದಾಗ ಪಿಲ್‌ಗ್ರಿಮರ ಗುರು ಜಾನ್ ರಾಬಿನ್‌ಸನ್ ಅದೇ ವರ್ಷ ಡಿಸೆಂಬರಿನಲ್ಲಿ ಪತ್ರ ಬರೆದ. ನೀವು ಯಾರನ್ನಾದರೂ ಕೊಲ್ಲುವ ಮೊದಲು ಕೆಲವರನ್ನಾದರೂ ಧರ್ಮಕ್ಕೆ ಒಲಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನೊಂದುಕೊಂಡ. ಸ್ಟ್ಯಾಂಡಿಷನಲ್ಲಿ ಮನುಷ್ಯಜೀವದ ಬಗ್ಗೆ ಇರಬೇಕಾದ ಮರುಕ ಕಡಿಮೆಯಾಗಿರಬಹುದು ಎಂಬ ಅಳುಕನ್ನೂ ಬರೆದ. ಅಂದರೆ ಈ ಕೊಲೆಗಳನ್ನು ಪ್ರಶ್ನಿಸಿದ್ದು ಇಂದಿನವರು ಮಾತ್ರವಲ್ಲ, ಅವರ ಗುರುವೇ ಆಗಲೇ ಕೇಳಿದ್ದ.

ಲಾಂಗ್‌ಫೆಲೊ ಮುಚ್ಚಿದ ಕೋಣೆಯನ್ನು ಬಿಚ್ಚಿ ಬಯಲು ಮಾಡಿದ. ಇದು ಕವಿತೆ ಮಾಡಿದ ಅತಿ ದೊಡ್ಡ ಬದಲಾವಣೆ. ಆದರೂ ಕೋಟೆಯ ಮೇಲಿನ ತಲೆಯನ್ನು ಅವನು ಅಡಗಿಸಲಿಲ್ಲ. ಊರೆಲ್ಲ ಅದನ್ನು ಕಂಡು ಹಿಗ್ಗುವಾಗ ಪ್ರಿಸಿಲ್ಲಾ ಒಬ್ಬಳೇ ಮುಖ ತಿರುಗಿಸುತ್ತಾಳೆ, ಇವನನ್ನು ಮದುವೆಯಾಗಲಿಲ್ಲವಲ್ಲ ಎಂದು ದೇವರಿಗೆ ಕೃತಜ್ಞಳಾಗುತ್ತಾಳೆ. ಮೂಲನಿವಾಸಿಗಳನ್ನು ಬಣ್ಣ ಬಳಿದ ಕ್ರೂರಿಗಳಂತೆ ಚಿತ್ರಿಸುವ ಆ ಕಾಲದ ದೃಷ್ಟಿ ಕವಿತೆಯಲ್ಲಿ ಧಾರಾಳವಾಗಿದೆ. ಅದರ ನಡುವೆ ಈ ಎರಡು ಸಾಲು ಮುಳ್ಳಿನಂತೆ ಉಳಿದಿವೆ. ಆ ನೆಲದ ವಾಂಪನೊಆಗ್ ಜನರ ಮುಂದಾಳತ್ವದಲ್ಲಿ 1970ರಿಂದ, ನವೆಂಬರಿನಲ್ಲಿ ಅಮೆರಿಕನ್ನರು ಆಚರಿಸುವ ಕೃತಜ್ಞತೆಯ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ದಿನವನ್ನು ಪ್ಲಿಮತ್ತಿನಲ್ಲಿ ಶೋಕದಿನವಾಗಿ ಆಚರಿಸುತ್ತ ಬಂದಿದ್ದಾರೆ ಎಂಬುದನ್ನೂ ಓದುಗರು ತಿಳಿದಿರಬೇಕು.

ಮೊದಲ ಚಳಿಗಾಲದಲ್ಲಿ ರೋಗಿಗಳ ಬಟ್ಟೆ ಒಗೆದ ಸ್ಟ್ಯಾಂಡಿಷ್ ಏನಾದ? ಅವನೂ ಕವಿತೆಯಲ್ಲಿದ್ದಾನೆ. ಹೆಣ್ಣಿನಂಥ ಮೆದುಗೈಯಿಂದ ರೋಗಿಗಳ ಆರೈಕೆ ಮಾಡಿದ್ದು ನಿನಗೇ ಗೊತ್ತಲ್ಲ ಎಂದು ಆಲ್ಡನ್ ಪ್ರಿಸಿಲ್ಲಾಳಿಗೆ ನೆನಪಿಸುತ್ತಾನೆ. ಅದಕ್ಕೆ ಸಿಕ್ಕ ಜಾಗ ಒಂದು ವಾಕ್ಯ. ಕತ್ತಿಗೆ ಸಿಕ್ಕದ್ದು ಒಂದು ಇಡೀ ಅಧ್ಯಾಯ.

## ಬಿಳಿ ಹೋರಿ, ರಾಟೆ, ಹಾವಿನ ಪೊರೆ

ಇತಿಹಾಸದೊಂದಿಗೆ ತಾಳೆಯಾಗದ ಸಣ್ಣ ಸಂಗತಿಗಳು ಇನ್ನೂ ಇವೆ. ಮೂಲನಿವಾಸಿಗಳು ಬಾಣಗಳನ್ನು ಹಾವಿನ ಪೊರೆಯಲ್ಲಿ ಕಟ್ಟಿ ಕಳಿಸಿದ ಸವಾಲಿಗೆ ಪ್ರತಿಯಾಗಿ ಪೊರೆಯಲ್ಲಿ ಮದ್ದುಗುಂಡು ತುಂಬಿ ವಾಪಸ್ ಕೊಡುವವನು ಕವಿತೆಯಲ್ಲಿ ಸ್ಟ್ಯಾಂಡಿಷ್. ನಿಜದಲ್ಲಿ ಹಾಗೆ ಮಾಡಿದ್ದು ಗವರ್ನರ್ ಬ್ರ್ಯಾಡ್‌ಫರ್ಡ್. ಮದುವೆಯಾದ ಪ್ರಿಸಿಲ್ಲಾ ಹಿಮಬಿಳುಪಿನ ಹೋರಿಯ ಮೇಲೆ ಕುಳಿತು ಗಂಡನ ಮನೆಗೆ ಹೋಗುತ್ತಾಳೆ. ಪ್ಲಿಮತ್ತಿಗೆ ಮೊದಲ ದನಗಳು ಬಂದದ್ದೇ 1624ರಲ್ಲಿ. ಅವಳ ಮಡಿಲ ಬಳಿ ಹಿಮದ ರಾಶಿಯಂತೆ ಉಣ್ಣೆ ಬಿದ್ದಿದೆ, ಪಾದ ರಾಟೆ ತುಳಿಯುತ್ತಿದೆ. ಆ ಮೊದಲ ವರ್ಷಗಳಲ್ಲಿ ಅಲ್ಲಿ ಕುರಿಯೇ ಇರಲಿಲ್ಲ. ಒಂದು ವಿಷಯ ಮಾತ್ರ ಕವಿ ಸರಿಯಾಗಿ ಹಿಡಿದ: ಮದುವೆ ಮಾಡಿಸುವವನು ಪಾದ್ರಿಯಲ್ಲ, ನ್ಯಾಯಾಧಿಕಾರಿ. ಪಿಲ್‌ಗ್ರಿಮರಿಗೆ ಮದುವೆ ಚರ್ಚಿನ ಸಂಸ್ಕಾರವಾಗಿರಲಿಲ್ಲ, ಊರಿನ ವ್ಯವಹಾರವಾಗಿತ್ತು.

## ಚಿತ್ರಗಳು ಕಥೆಯನ್ನು ಹೇಗೆ ಗಟ್ಟಿ ಮಾಡಿದವು?

ಸರಸ್ವತಿ ಎಂದರೆ ನಮಗೆ ಬಿಳಿ ಸೀರೆ, ಕೈಯಲ್ಲಿ ವೀಣೆ ಕಣ್ಣಮುಂದೆ ಬರುತ್ತದೆ. ಆ ರೂಪ ಶಾಸ್ತ್ರದಲ್ಲಿ ಇದ್ದರೂ ಮನೆಮನೆಯ ಗೋಡೆಗೆ ಒಂದೇ ಮುಖವಾಗಿ ಬಂದದ್ದು ರವಿವರ್ಮನ ಅಚ್ಚುಚಿತ್ರಗಳಿಂದ, ಆಮೇಲೆ ಕ್ಯಾಲೆಂಡರುಗಳಿಂದ. ದಮಯಂತಿಯೆಂದರೆ ಹಂಸದ ಮುಂದೆ ನಿಂತ ಕೆಂಪು ಸೀರೆಯ ಹೆಣ್ಣು ನೆನಪಾಗುವುದೂ ಅವನ ಚಿತ್ರದಿಂದಲೇ. ಪ್ರಿಸಿಲ್ಲಾಳಿಗೂ ಇದೇ ಆಯಿತು.

ಲಾಂಗ್‌ಫೆಲೊನ ಕಾಲದಲ್ಲಿ ಪುಸ್ತಕದ ಚಿತ್ರಗಳನ್ನು ಗಟ್ಟಿ ಮರದ ಹಲಗೆಯ ಮೇಲೆ ಕೆತ್ತಿ ಅಚ್ಚು ಹಾಕುತ್ತಿದ್ದರು. ಕಲಾವಿದ ಬರೆದದ್ದನ್ನು ಕೆತ್ತನೆಗಾರ ಗೆರೆಗಳಾಗಿ ಬಿಡಿಸಬೇಕು. ಬಣ್ಣವಿಲ್ಲ, ನೆರಳೂ ಗೆರೆಯಿಂದಲೇ. 19ನೇ ಶತಮಾನದ ಕೊನೆಗೆ ಹಾಫ್‌ಟೋನ್ ವಿಧಾನ ಬಂತು. ಚಿತ್ರವನ್ನು ಸೂಕ್ಷ್ಮ ಜಾಲರಿಯ ಮೂಲಕ ಫೋಟೊ ತೆಗೆದಾಗ ಅದು ದೊಡ್ಡ ಸಣ್ಣ ಚುಕ್ಕಿಗಳಾಗಿ ಒಡೆಯುತ್ತದೆ. ಹಳೆಯ ಪತ್ರಿಕೆಯ ಫೋಟೊವನ್ನು ಕಣ್ಣಿಗೆ ಹತ್ತಿರ ಹಿಡಿದರೆ ಆ ಚುಕ್ಕಿಗಳು ಕಾಣುತ್ತವೆ. ಇದನ್ನೇ ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಒಂದರ ಮೇಲೊಂದು ಒತ್ತಿದರೆ ತೈಲಚಿತ್ರವೇ ಪುಟಕ್ಕೆ ಇಳಿದಂತಾಗುತ್ತದೆ. ಹೀಗಾಗಿ ದೊಡ್ಡ ಕಲಾವಿದರು ಪುಸ್ತಕಕ್ಕೆ ಬರೆಯಲು ಮುಂದಾದರು. ಕ್ರಿಸ್ಮಸ್ಸಿಗೆ ಉಡುಗೊರೆ ಕೊಡುವಂಥ ಸಚಿತ್ರ ಪುಸ್ತಕಗಳ ಕಾಲ ಅದು.

ಅದಕ್ಕೂ ಮೊದಲು ಜಾರ್ಜ್ ಹೆನ್ರಿ ಬೌಟನ್ ಎಂಬ ಕಲಾವಿದ 1867ರಲ್ಲಿ ಬರೆದ, ಹಿಮದಲ್ಲಿ ಬಂದೂಕು ಹಿಡಿದು ಚರ್ಚಿಗೆ ನಡೆಯುವ ಪಿಲ್‌ಗ್ರಿಮರ ಚಿತ್ರ ಪ್ರತಿಗಳ ಮೂಲಕ ಎಲ್ಲೆಡೆ ಹರಡಿತ್ತು. ಗಂಭೀರ ಮುಖ, ಮಂಕು ಬಟ್ಟೆ. ಆದರೆ ಪಿಲ್‌ಗ್ರಿಮರು ಸತ್ತಾಗ ಮಾಡಿದ ಆಸ್ತಿಪಟ್ಟಿಗಳು ಬೇರೆ ಹೇಳುತ್ತವೆ. ಬ್ರೂಸ್ಟರನ ಪಟ್ಟಿಯಲ್ಲಿ ನೇರಳೆ ಬಣ್ಣದ ಕೋಟು ಇದೆ. ಅಚ್ಚ ಕಪ್ಪು ಬಣ್ಣ ಆಗ ದುಬಾರಿ, ವಿಶೇಷ ದಿನಗಳಿಗೆ ಇಡುವಂಥದ್ದು. ಟೋಪಿಯ ಮೇಲಿನ ಬಕಲ್ ಅಂತೂ ನಂತರದ ಚಿತ್ರಕಾರರು ಅಂಟಿಸಿದ್ದು.

ಹೊವಾರ್ಡ್ ಚಾಂಡ್ಲರ್ ಕ್ರಿಸ್ಟಿ 1903ರಲ್ಲಿ ಈ ಕವಿತೆಗೆ ಚಿತ್ರ ಬರೆದ. ಆತ ಆಗಲೇ ಪತ್ರಿಕೆಗಳಲ್ಲಿ ‘ಕ್ರಿಸ್ಟಿ ಹುಡುಗಿ’ ಎಂಬ ಒಂದು ಮಾದರಿಯಿಂದ ಹೆಸರಾಗಿದ್ದ: ನೀಳ ಮೈ, ಚೂಪು ಗದ್ದ, ಆತ್ಮವಿಶ್ವಾಸದ ನೋಟ. ಅವನ ಪ್ರಿಸಿಲ್ಲಾ 17ನೇ ಶತಮಾನದ ಬಟ್ಟೆ ತೊಟ್ಟ 1903ರ ಹುಡುಗಿ. ಇದನ್ನು ತಪ್ಪೆಂದು ನಾನು ಹೇಳಲಾರೆ. ತನ್ನ ಮಾತು ತಾನೇ ಆಡುವ ಹೆಣ್ಣಿಗೆ ತನ್ನ ಕಾಲದಲ್ಲಿ ಕಂಡ ದಿಟ್ಟ ಮುಖವನ್ನೇ ಅವನು ಕೊಟ್ಟ. ಆದರೆ ನಾಲ್ಕು ಹೆಣಗಳನ್ನು ಕಂಡ ಚಳಿಗಾಲ ಆ ಮುಖದಲ್ಲಿ ಇಲ್ಲ.

ಮೇಫ್ಲವರ್ ಬಂದು 300 ವರ್ಷವಾದ 1920ರಲ್ಲಿ ಎನ್. ಸಿ. ವೈಯತ್ ಚಿತ್ರ ಬರೆದ ಆವೃತ್ತಿ ಬಂತು. ವೈಯತ್ ಮ್ಯಾಸಚೂಸೆಟ್ಸಿನವನೇ, ಸಾಹಸಕಥೆಗಳ ಚಿತ್ರಕ್ಕೆ ಹೆಸರುವಾಸಿ. ಅವನ ಮನುಷ್ಯರಿಗೆ ತೂಕವಿದೆ, ಅವನ ಬೆಳಕಿಗೆ ನಾಟಕದ ಗುಣವಿದೆ. ಪಿಲ್‌ಗ್ರಿಮರು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ನ್ಯೂಯಾರ್ಕಿನ ಒಂದು ವಿಮಾ ಕಂಪನಿಯ ಕಟ್ಟಡಕ್ಕೆ ಅವರನ್ನೇ ಕುರಿತ ಭಿತ್ತಿಚಿತ್ರಗಳನ್ನು ಬರೆಯುತ್ತಿದ್ದಾಗಲೇ, 1945ರಲ್ಲಿ, ರೈಲ್ವೆ ಕ್ರಾಸಿಂಗಿನಲ್ಲಿ ಅಪಘಾತವಾಗಿ ಸತ್ತ. ಉಳಿದದ್ದನ್ನು ಮಗ ಆಂಡ್ರೂ ಮತ್ತು ಅಳಿಯ ಸೇರಿ ಮುಗಿಸಿದರು.

ಕವಿತೆಯಲ್ಲಿ ಇಲ್ಲದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು: ಥ್ಯಾಂಕ್ಸ್‌ಗಿವಿಂಗ್ ಊಟ. 1621ರ ಸುಗ್ಗಿಯ ನಂತರ ಮೂರು ದಿನ ಊಟ ನಡೆದದ್ದು, ವಾಂಪನೊಆಗ್ ನಾಯಕ ಮ್ಯಾಸಸೊಯಿಟ್ ಸುಮಾರು 90 ಜನರೊಂದಿಗೆ ಬಂದದ್ದು ವಿನ್ಸ್‌ಲೊನ ಪತ್ರದಲ್ಲಿದೆ. ಅದು ರಾಷ್ಟ್ರೀಯ ಹಬ್ಬವಾಗುವ ಹಾದಿ ತೆರೆದದ್ದು 1863ರಲ್ಲಿ ಲಿಂಕನ್ ಹೊರಡಿಸಿದ ಘೋಷಣೆಯಿಂದ. ಊಟದ ಕಥೆ ಒಂದು ಕಡೆಯಿಂದ, ಪ್ರೇಮದ ಕಥೆ ಇನ್ನೊಂದು ಕಡೆಯಿಂದ ಬಂದು ಶಾಲೆಯ ರಂಗಮಂಟಪದ ಮೇಲೆ ಒಂದೇ ವೇಷದಲ್ಲಿ ಕೂಡಿಕೊಂಡವು.

## ಹಾಗಾದರೆ ಆ ಮೂವರು ಮುಂದೆ ಏನಾದರು?

ಜಗಳವಾಡಿ ದೂರವಾದವರಂತೂ ಅಲ್ಲ. 1630ರ ದಶಕದಲ್ಲಿ ಸ್ಟ್ಯಾಂಡಿಷ್, ಆಲ್ಡನ್ ಇಬ್ಬರೂ ಕೊಲ್ಲಿಯಾಚೆ ಡಕ್ಸ್‌ಬರಿಯಲ್ಲಿ ಜಮೀನು ಮಾಡಿಕೊಂಡು ನೆರೆಹೊರೆಯಾದರು. ಸ್ಟ್ಯಾಂಡಿಷ್ 1623ರಲ್ಲಿ ‘ಆನ್’ ಹಡಗಿನಲ್ಲಿ ಬಂದ ಬಾರ್ಬರಾ ಎಂಬವಳನ್ನು ಮದುವೆಯಾಗಿದ್ದ. ಅವರ ಮಗ ಅಲೆಕ್ಸಾಂಡರ್, ಜಾನ್–ಪ್ರಿಸಿಲ್ಲಾರ ಮಗಳು ಸಾರಾಳನ್ನು ವರಿಸಿದ. ಕವಿತೆಯಲ್ಲಿ ಪ್ರತಿಸ್ಪರ್ಧಿಗಳಾದವರು ನಿಜಜೀವನದಲ್ಲಿ ಬೀಗರಾದರು. ಸ್ಟ್ಯಾಂಡಿಷ್ 1656ರಲ್ಲಿ ತೀರಿಕೊಂಡ. ಆಲ್ಡನ್ 1687ರವರೆಗೆ ಬಾಳಿದ.

ಪ್ರಿಸಿಲ್ಲಾ ಯಾವಾಗ ಸತ್ತಳೆಂಬುದು ಯಾವ ದಾಖಲೆಯಲ್ಲೂ ಬರೆದಿಲ್ಲ. ಅವಳ ಮುಖವೂ ಉಳಿದಿಲ್ಲ. ಮೇಫ್ಲವರ್‌ನಲ್ಲಿ ಬಂದ 102 ಜನರಲ್ಲಿ ಎದುರಿಗೆ ಕೂತು ಬರೆಸಿಕೊಂಡದ್ದೆಂದು ಖಚಿತವಾದ ಭಾವಚಿತ್ರ ಇರುವುದು ಎಡ್ವರ್ಡ್ ವಿನ್ಸ್‌ಲೊನದು ಮಾತ್ರ. 1651ರಲ್ಲಿ ಲಂಡನ್ನಿನಲ್ಲಿ ಬರೆದ ಅದು ಈಗ ಪ್ಲಿಮತ್ತಿನ ಮ್ಯೂಸಿಯಮ್ಮಿನಲ್ಲಿದೆ. ಪ್ರಿಸಿಲ್ಲಾಳ ಮನೆಯಿಂದ ನಮಗೆ ತಲುಪಿದ್ದು ಅವಳ ತಂದೆ 1621ರ ಚಳಿಗಾಲದಲ್ಲಿ ಸಾಯುವ ಮುನ್ನ ಬಾಯಲ್ಲಿ ಹೇಳಿ ಬರೆಸಿದ ಉಯಿಲು. ತಾನು ತಂದ 21 ಡಜನ್ ಪಾದರಕ್ಷೆ ಮತ್ತು 13 ಜೊತೆ ಬೂಟುಗಳನ್ನು 40 ಪೌಂಡಿಗೆ ವಸಾಹತಿನ ಕಂಪನಿಗೆ ಬಿಟ್ಟುಕೊಟ್ಟಿದ್ದಾನೆ ಅದರಲ್ಲಿ. ಹೆಂಡತಿಗೂ ಮಕ್ಕಳಿಗೂ ಪಾಲು ಹಂಚಿದ್ದಾನೆ. ವಸಂತ ಬಂದಾಗ ಅಲ್ಲಿ ಆ ಪಾಲಿಗೆ ಕೈಯೊಡ್ಡಲು ಉಳಿದಿದ್ದವಳು ಪ್ರಿಸಿಲ್ಲಾ ಒಬ್ಬಳೇ.